ನಿಮಾಯಿಯ ಅಳತೆ

ಎಲ್ಲ ಶುರುವಾದದ್ದು ಒಂದು ಅಳತೆಪಟ್ಟಿಯಿಂದ. ಪುರಸಭೆಯ ಕಡೆಯವನೊಬ್ಬ ಕಾಂಚನಹಾಟಿಯ ಸ್ನಾನಘಟ್ಟಕ್ಕೆ ಬಂದು, ಅಶ್ವತ್ಥದ ಬುಡದಲ್ಲಿ ಚುರುಮುರಿ ಮಾರುತ್ತಿದ್ದ ನಿಮಾಯಿ ಸಾಂತ್ರಾನನ್ನು ನೆಟ್ಟಗೆ ನಿಲ್ಲಿಸಿ ಅಳೆದುಕೊಂಡು ಹೋದ. ಎತ್ತರ, ಭುಜ, ಮೊಣಕೈ ಆದ ಮೇಲೆ ಮೂಗು ಮತ್ತು ಕಿವಿ. ಅವನ ಉಗುರ ತುಂಬ ಜೇಡಿಮಣ್ಣಿತ್ತು. ಪುರಸಭೆಯಲ್ಲೂ ಕೈ ಕೆಸರು ಮಾಡಿಕೊಳ್ಳುವವರು ಇದ್ದಾರಲ್ಲ ಎಂದು ನಿಮಾಯಿಗೆ ಸಂತೋಷವೇ ಆಯಿತು.

ಸಂಜೆ ಓಣಿಯ ಕ್ಲಬ್ಬಿನಲ್ಲಿ ವಿಷಯ ಚರ್ಚೆಗೆ ಬಂತು.

"ಅಳತೆ ಮಳಿಗೆಗೇ. ಘಟ್ಟ ಹೊಸದಾದ ಮೇಲೆ ಹಳಬರಿಗೆಲ್ಲ ಮಳಿಗೆ ಕಟ್ಟಿಸಿ ಕೊಡ್ತಾರೆ," ಎಂದರು ನಿವೃತ್ತ ಮೇಷ್ಟ್ರು ಹರಿಪದ ಬಾಬು.

"ಮಳಿಗೆಗೆ ಮೂಗು ಯಾಕೆ ಅಳೀಬೇಕು?" ಎಂದ ದರ್ಜಿ ಕಾರ್ತಿಕ್.

"ಚುರುಮುರಿಗೆ ಹಾಕೋ ಸಾಸಿವೆ ಎಣ್ಣೆ ಘಾಟಿಗೆ ಗಾಳಿಕಿಂಡಿ ಎಷ್ಟಿರಬೇಕು ಅಂತ ಮೂಗು ನೋಡೇ ಲೆಕ್ಕ ಹಾಕೋದು. ಹೊರದೇಶದಲ್ಲೆಲ್ಲ ಹೀಗೇ."

ಮೇಷ್ಟ್ರ ಮಾತಿಗೆ ಎದುರಾಡುವ ಪದ್ಧತಿ ಕ್ಲಬ್ಬಿನಲ್ಲಿರಲಿಲ್ಲ.

ಸೆಣಬಿನ ಗಿರಣಿ ಮುಚ್ಚಿದ ಮೇಲೆ ಈ ಊರಲ್ಲಿ ಚೆನ್ನಾಗಿ ಬೆಳೆದದ್ದು ಎರಡೇ, ಒಂದು ಗಿರಣಿಯೊಳಗಿನ ಹುಲ್ಲು, ಇನ್ನೊಂದು ಊರನ್ನು ಉದ್ಧಾರ ಮಾಡುವ ಸಭೆಗಳು. ಹೊಸದು ಮಾಡುವ ಕೆಲಸಕ್ಕೆಂದು ಘಟ್ಟಕ್ಕೆ ತಗಡಿನ ಬೇಲಿ ಬಿತ್ತು. ಅಪ್ಪನ ಕಾಲದಿಂದ ಇದ್ದ ಜಾಗ ಬಿಟ್ಟು ನಿಮಾಯಿ ಗಿರಣಿಯ ಗೇಟಿನ ಮುಂದೆ ನಿಂತ. ಅಲ್ಲಿ ಅವನನ್ನು ಕೇಳುವ ಗಿರಾಕಿಗಳೆಂದರೆ ನಾಯಿಗಳು. ಮನೆಯಲ್ಲಿ ಒಲೆ ಒಂದು ಹೊತ್ತಿಗೆ ಇಳಿಯಿತು. ಮಳಿಗೆ ಸಿಕ್ಕರೆ ಬದುಕು, ಇಲ್ಲದಿದ್ದರೆ ಇಲ್ಲ ಎನ್ನುವಂತಾಯಿತು.

ಕೊನೆಗೂ ಉದ್ಘಾಟನೆಯ ದಿನ ಬಂತು. ಬೆಳಗಾಗುತ್ತಲೇ ಕ್ಲಬ್ಬಿಗೆ ಕ್ಲಬ್ಬೇ ನಿಮಾಯಿಯ ಮನೆಗೆ ನುಗ್ಗಿತು.

"ಮಂತ್ರಿ ಕೈಯಿಂದ ಬೀಗದ ಕೈ ಇಸ್ಕೊಳ್ಳೋನು ಲುಂಗಿ ಉಟ್ಕೊಂಡು ಹೋಗ್ತೀಯಾ?" ಎಂದು ಕಾರ್ತಿಕ್ ಯಾರೋ ಹೊಲಿಯಲು ಕೊಟ್ಟಿದ್ದ ಕೋಟನ್ನು ಅವನಿಗೆ ತೊಡಿಸಿದ. ಮೇಷ್ಟ್ರು ಕ್ಷೌರಿಕನನ್ನೂ ಕರೆತಂದಿದ್ದರು. ನಿಮಾಯಿ ಬೇಡ ಬೇಡ ಎನ್ನುತ್ತಿದ್ದಂತೆಯೇ ಅವನ ಪೊದೆಮೀಸೆ ನೆಲಕ್ಕೆ ಬಿತ್ತು.

ಹೆಂಡತಿ ಶೆಫಾಲಿ ಡಬ್ಬದ ತುಂಬ ಹೊಸ ಮಂಡಕ್ಕಿ ತುಂಬಿ ಅವನ ಕೊರಳಿಗೆ ತೂಗುಹಾಕಿದಳು. "ಈ ವೇಷ ನೋಡಿದ್ರೆ ಎರಡನೇ ಮದುವೆಗೆ ಹೊರಟ ಹಾಗಿದೆ. ಇರಲಿ, ಮಳಿಗೆ ತಗೊಂಡೇ ಬಾ," ಎಂದಳು.

ಘಟ್ಟದ ಗೇಟಿನಲ್ಲಿ ಕಾವಲುಗಾರ ತಡೆದ. "ಪಾಸೆಲ್ಲಿ?"

"ಪಾಸ್ ಯಾಕಪ್ಪಾ, ನನ್ನ ಅಳತೆನೇ ಇವರ ಹತ್ರ ಇದೆ."

"ಹಾಗಾದ್ರೆ ದರ್ಜಿ ಅಂಗಡಿಗೆ ಹೋಗು."

ಕ್ಲಬ್ಬಿನವರಿಗೆಲ್ಲ ಪಾಸಿತ್ತು, ಶೆಫಾಲಿಗೂ ಮೇಷ್ಟ್ರು ಒಂದು ಕೊಡಿಸಿದ್ದರು. ಯಾರಿಗೆ ಬೇಕಿತ್ತೋ ಅವನಿಗೊಂದು ತರಲು ಮರೆತಿದ್ದರು. ನಿಮಾಯಿ ದೋಣಿಕಟ್ಟೆಯ ಕಡೆಯಿಂದ ನದಿಗಿಳಿದು, ಎದೆಮಟ್ಟದ ನೀರಲ್ಲಿ ಡಬ್ಬವನ್ನು ತಲೆಯ ಮೇಲೆ ಹೊತ್ತು ಘಟ್ಟದ ಮೆಟ್ಟಿಲು ಹತ್ತಿದ. ಕೋಟು ಒದ್ದೆ ಗೋಣಿಯಂತೆ ಜೋತುಬಿದ್ದಿತ್ತು.

ಅಶ್ವತ್ಥದ ಬುಡದಲ್ಲಿ, ಸರಿಯಾಗಿ ಅವನ ಜಾಗದಲ್ಲೇ, ಆಳೆತ್ತರದ ಏನೋ ಒಂದಕ್ಕೆ ಕೆಂಪು ಬಟ್ಟೆ ಹೊದಿಸಿತ್ತು.

"ಇಷ್ಟೇನಾ ಮಳಿಗೆ? ಒಬ್ಬ ನಿಂತ್ರೆ ಮುಗೀತು," ಎಂದ ಕಾರ್ತಿಕ್.

"ಅದಕ್ಕೇ ತಾನೇ ಅಳತೆ ತಗೊಂಡಿದ್ದು," ಎಂದರು ಮೇಷ್ಟ್ರು.

ಡೋಲು ಮೊಳಗಿತು, ಹೆಂಗಸರು ಶಂಖ ಊದಿದರು, ಮಂತ್ರಿ ಬಟ್ಟೆ ಎಳೆದರು.

ಅಲ್ಲಿ ನಿಮಾಯಿ ನಿಂತಿದ್ದ. ಲುಂಗಿ, ಪೊದೆಮೀಸೆ, ಕೊರಳಿಗೆ ಡಬ್ಬ, ಚುರುಮುರಿ ಕಲಸುವಾಗ ಒಂದು ಕಡೆ ವಾಲುವ ತಲೆ, ಎಲ್ಲವೂ ಅವನದೇ. ಶೆಫಾಲಿ ಗಂಡನೇ ಎದುರಾದನೆಂದು ಅಭ್ಯಾಸಬಲದಿಂದ ಆ ಬೊಂಬೆಯ ಮುಂದೆ ತಲೆಯ ಮೇಲೆ ಸೆರಗೆಳೆದುಕೊಂಡಳು.

"ನಮ್ಮ ಘಟ್ಟದ ಬದುಕನ್ನ ನಾವು ಹೀಗೆ ಉಳಿಸಿಕೊಂಡಿದ್ದೇವೆ," ಎಂದರು ಮಂತ್ರಿ. ಜನ ಚಪ್ಪಾಳೆ ತಟ್ಟಿದರು. ನಿಮಾಯಿ ಜನರನ್ನು ಸರಿಸಿಕೊಂಡು ಮಂತ್ರಿಯ ಪಕ್ಕದಲ್ಲಿದ್ದ ಪುರಸಭೆಯ ಅಧಿಕಾರಿಯ ಮುಂದೆ ಹೋಗಿ ನಿಂತ.

"ಸಾರ್, ಅದು ನಾನು. ನನ್ನ ಮಳಿಗೆ ಎಲ್ಲಿ?"

ಅಧಿಕಾರಿ ಒಮ್ಮೆ ಬೊಂಬೆಯನ್ನೂ ಒಮ್ಮೆ ನೀರು ತೊಟ್ಟಿಕ್ಕುತ್ತಿದ್ದ ಕೋಟನ್ನೂ ನೋಡಿದ. "ಅವನಿಗೆ ಮೀಸೆ ಇದೆ. ನಿನ್ನದೆಲ್ಲಿ?" ಎಂದ. ಸುತ್ತಲಿದ್ದವರು ನಕ್ಕರು. ಮೇಷ್ಟ್ರು ತಮ್ಮ ಕನ್ನಡಕ ಒರೆಸಿಕೊಳ್ಳತೊಡಗಿದರು.

ಬೊಂಬೆಯ ಪಕ್ಕ ಕುಂಚ ಹಿಡಿದು ನಿಂತಿದ್ದವನು ಆ ಜೇಡಿಮಣ್ಣಿನ ಉಗುರಿನವನೇ. ವರ್ಷವರ್ಷ ಊರಿಗೆ ದುರ್ಗೆಯನ್ನು ಮಾಡಿಕೊಡುವ ಕಸುಬಿನವನು. ಅವನನ್ನು ನೋಡಿ ನಿಮಾಯಿಗೆ ಸಣ್ಣದೊಂದು ಆಸೆ ಹುಟ್ಟಿತು. ಈ ಊರಲ್ಲಿ ನಿಲ್ಲಿಸಿದ ಯಾವ ಮೂರ್ತಿಯೂ ನಾಲ್ಕು ದಿನಕ್ಕಿಂತ ಹೆಚ್ಚು ನಿಂತದ್ದಿಲ್ಲ.

"ಅಣ್ಣಾ, ಇದನ್ನ ಯಾವತ್ತು ನೀರಿಗೆ ಬಿಡ್ತೀರಿ? ಆಮೇಲೆ ನಾನು ಬಂದು ನಿಲ್ತೀನಿ."

"ಇದು ಫೈಬರ್ ಕಣಪ್ಪ, ನೀರಿಗೆ ಬಿಡೋದಲ್ಲ," ಎಂದು ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಕಾವಲುಗಾರರ ಸೀಟಿ ಕೇಳಿಸಿತು. ಘಟ್ಟದ ಮೇಲೆ ಇನ್ನು ಯಾರೂ ವ್ಯಾಪಾರ ಮಾಡುವಂತಿಲ್ಲವಂತೆ. ಗೇಟಿನ ತುಂಬ ಮಂತ್ರಿಯ ಕಾರುಗಳಿದ್ದುದರಿಂದ, ಬಂದ ದಾರಿಯಲ್ಲೇ ಕಳಿಸುವುದೆಂದು ಇಬ್ಬರು ನಿಮಾಯಿಯ ರಟ್ಟೆ ಹಿಡಿದು ಮೆಟ್ಟಿಲಿಳಿಸತೊಡಗಿದರು. ಡೋಲಿನವರು ಇನ್ನೂ ಬಾರಿಸುತ್ತಲೇ ಇದ್ದರು. ಡೋಲಿನ ಸದ್ದಿಗೆ ಯಾರನ್ನಾದರೂ ನದಿಗಿಳಿಸುತ್ತಿದ್ದರೆ ಏನು ಮಾಡಬೇಕೆಂದು ಊರಿನ ಜನಕ್ಕೆ ಗೊತ್ತಿತ್ತು. ಅವರು ಭಕ್ತಿಯಿಂದ ಸರಿದು ದಾರಿ ಬಿಟ್ಟರು.

ನೀರು ಅವನ ಸೊಂಟ ಮುಟ್ಟಿದಾಗ ದಡದಲ್ಲಿದ್ದ ಹರಿಪದ ಬಾಬುಗಳ ಕೈ ತಾನಾಗಿಯೇ ಮುಗಿಯಿತು. "ಮುಂದಿನ ವರ್ಷ ಮತ್ತೆ ಬಾ," ಎಂದರು.