ಗಾಲಿ ನಟ್ಟಿನ ಫಜೀತಿ

ಮಂದಿಗೆ ಕಾರಿನ ಎಂಜಿನ್ ತ್ರಾಸ ಕೊಡತೈತಿ, ಬ್ಯಾಟರಿ ತ್ರಾಸ ಕೊಡತೈತಿ. ನನಗ ಮಾತ್ರ ಬರೇ ಗಾಲಿ ನಟ್ಟು. ಒಂದ ಫಜೀತಿ ಮುಗೀತು ಅನ್ನೂದರಾಗ ಇನ್ನೊಂದ ತಯಾರ ಇರತೈತಿ.

ನಾ ಬನಹಟ್ಟ್ಯಾಗ ಸೀರಿ ವ್ಯಾಪಾರ ಮಾಡಾಂವ. ಸೀರಿ ಗಂಟ ಹೇರಕೊಂಡು ಜಮಖಂಡಿ, ಮುಧೋಳ, ಬೀಳಗಿ ಅಂತ ಅಡ್ಡಾಡಾಕ ಒಂದ ಹಳೇ ಕಾರ ಐತಿ. ನನ್ನ ಮಗಳಕಿಂತ ಅದಕ್ಕ ವಯಸ್ಸ ಹೆಚ್ಚು. ಮಗಳು ಮದವಿ ಆಗಿ ಗಂಡನ ಮನಿಗೆ ಹೋದ್ಲು, ಕಾರ ಇನ್ನೂ ಇಲ್ಲೇ ಐತಿ.

ಜಮಖಂಡಿ ಮಿಸ್ತ್ರಿ ಒಮ್ಮೆ ಹೇಳಿದ್ದ, "ಸಾಹುಕಾರ್ರ, ಗಾಲಿ ಬಿಚ್ಚಿ ಹಾಕಿದ ಮ್ಯಾಲ ಸ್ವಲ್ಪ ದೂರ ಓಡಿಸಿ ನಟ್ಟ ಮತ್ತೊಮ್ಮೆ ಬಿಗಿ ಮಾಡ್ರಿ. ಹಳೇ ಗಾಡಿ, ಮರೀಬ್ಯಾಡ್ರಿ." ನಾ ಮರೀಲಿಲ್ಲ. ಗಾಲಿ ಬಿಚ್ಚಿದ್ರೂ ಬಿಗಿ ಮಾಡ್ತೇನಿ, ಬಿಚ್ಚದಿದ್ರೂ ಮಾಡ್ತೇನಿ. ಕೈಯಾಗ ನಟ್ಟ ತಿರುವೂ ಪಾನಾ ಇದ್ರ ನನಗೇನೋ ಸಮಾಧಾನ. ನಮ್ಮಾಕಿಗೆ ಅದನ್ನ ಕಂಡ್ರ ಮೈ ಉರೀತೈತಿ. "ಈ ಕಾರ ಮಾರ್ತೀರೋ ಇಲ್ಲೋ?" ಅನ್ನೂ ಮಾತು ನಮ್ಮನ್ಯಾಗ ಮುಂಜಾನಿ ಚಾದ ಜೋಡಿನೇ ಬರತೈತಿ. ನನಗರ ಆ ಕಾರ ಅಂದ್ರ ಜೀವ. ಮಾರಾಕ ಮನಸ್ಸ ಬರೂದಿಲ್ಲ.

ಪೈಲ್ವಾನ ಮಾವ

ಹಿಪ್ಪರಗ್ಯಾಗ ನಮ್ಮಾಕಿ ಸೋದರಮಾವ ಅದಾರ. ಪ್ರಾಯದಾಗ ಪೈಲ್ವಾನಕಿ ಮಾಡಿದ ಮೈ. ಒಂದಿನ ಅವರ ಮನಿ ಮುಂದ ನಾ ಪಾನಾ ಹಿಡದ ಕುಂತಿದ್ದೆ. ಮಾವ ಹೊರಗ ಬಂದ್ರು.

"ಊಟಾ ಮಾಡಿಲ್ಲೇನಪಾ? ಸರಿ ಆ ಕಡೆ," ಅಂದವರೇ ಪಾನಾದ ಮ್ಯಾಲ ಎರಡೂ ಕಾಲ ಇಟ್ಟ ನಿಂತ್ರು. ಪಾನಾ ಕಿರ್ ಅಂತು, ಕಾರ ಒಂದ ಕಡೆ ವಾಲಿತು. ನಾಕೂ ಗಾಲಿಗೆ ಇದೇ ಸೇವಾ ಆತು. "ಇನ್ನ ಸಾಯೂ ತನಕಾ ಅಳ್ಳಾಡೂದಿಲ್ಲ, ತಗೋ!"

ಮುಂದ ಎಂಟ ದಿನದಾಗ ಮುಧೋಳ ಹತ್ರ ಗಾಲಿ ಪಂಚರ್ ಆತು. ನಾ ಜಗ್ಗಿದ್ರೂ ನಟ್ಟ ಅಳ್ಳಾಡವಲ್ದು. ಕಬ್ಬಿನ ಟ್ರ್ಯಾಕ್ಟರ್‌ನವರು ಇಬ್ಬರು ಇಳದ ಬಂದು ಜೋತಬಿದ್ರು, ಊಹೂಂ. ನಮ್ಮಾಕಿ ಬಿಸಲಾಗ ಕೊಡಿ ಹಿಡದ ನಿಂತಿದ್ಲು. "ಮಾಮಾಗ ಫೋನ್ ಹಚ್ರಿ. ಬಿಗಿ ಮಾಡಿದಾಂವನ ಬಂದ ಬಿಚ್ಚಲಿ," ಅಂದ್ಲು.

ಮಾವ ಊಟಾ ಮುಗಿಸಿ, ಎಲಿ ಹಾಕ್ಕೊಂಡು, ಆರಾಮಾಗಿ ಮೋಟರ್ ಸೈಕಲ್ ಮ್ಯಾಲ ಬಂದ್ರು. ಪಾನಾದ ಮ್ಯಾಲ ನಿಂತ್ರು, ಜಿಗದ್ರು, ನನ್ನ ಹೆಗಲ ಹಿಡಕೊಂಡ ಕುಣದ್ರು. ನಟ್ಟ ಜಗ್ಗಲಿಲ್ಲ. ನಾಚ್ಕೋತಾರೇನೋ ಅಂತ ನಾ ನೋಡಿದ್ರ, ಬೆವರ ಒರಸ್ಕೊಂಡು ಟ್ರ್ಯಾಕ್ಟರ್‌ನವರ ಮುಂದ ಎದಿ ಉಬ್ಬಿಸಿದ್ರು.

"ನೋಡ್ರಿಪಾ! ನಾ ಬಿಗಿ ಮಾಡಿದ್ದು ನನಗೇ ಬಿಚ್ಚಾಕ ಬರವಲ್ದು!"

ಮದವಿ ಊಟಾ

ಪಾನಾಕ್ಕ ಉದ್ದನ ಪೈಪ್ ಹಾಕಿ ಅಂತೂ ಆ ನಟ್ಟ ಬಿಚ್ಚಿಸಿ ಸ್ಟೆಪ್ನಿ ಹಾಕಿದೆ. ಹಾಕಿದ ಮ್ಯಾಲ ಮತ್ತೊಮ್ಮೆ ಬಿಗಿ ಮಾಡಬೇಕಲ್ಲ? ಮರುದಿನ ಮುಧೋಳದಾಗ ನಮ್ಮಾಕಿ ಕಡೆ ಒಂದ ಮದವಿ. ಕಲ್ಯಾಣ ಮಂಟಪದ ಮುಂದ ಅಂಗಿ ತೋಳ ಮಡಚಿ ಕುಂತೆ.

ರುಮಾಲ ಸುತ್ತಿದ ಹಿರಿಯರೊಬ್ರು ಬಂದು, "ಏ ಡ್ರೈವರ, ನಿಮ್ಮ ಸಾಹುಕಾರ ಎಲ್ಲಿ?" ಅಂದ್ರು.

ಕೈಗೆಲ್ಲಾ ಮಸಿ ಆಗಿತ್ತು, ವಾದಾ ಯಾಕ ಅಂತ "ಒಳಗ ಅದಾರ್ರಿ" ಅಂದೆ.

"ಹಂಗಾರ ಹಿತ್ತಲಕ ಹೋಗು, ಡ್ರೈವರುಗಳ ಪಂಕ್ತಿ ಕುಂತೈತಿ."

ಹೋಗಿ ಕುಂತೆ. ಹೋಳಿಗಿ ಮ್ಯಾಲ ತುಪ್ಪಾ ಅಂದ್ರ ತುಪ್ಪಾ, ಹಿಂದಮುಂದ ನೋಡದ ಸುರವ್ಯಾಕತ್ತಿದ್ರು. ನಮ್ಮಾಕಿ ಮಂಟಪ ಎಲ್ಲಾ ಹುಡುಕಿ ಕಡೀಕ ನನ್ನ ಅಲ್ಲಿ ಹಿಡದ್ಲು.

ವಾಪಸ್ ಬರೂವಾಗ ಶುರು ಆತು. "ಮಂದ್ಯಾಗ ನನ್ನ ಮರ್ಯಾದಿ ಕಳದ್ರಿ. ಬೀಗರಾಗಿ ಬಂದು ಡ್ರೈವರ ಆದ್ರಿ!"

"ಅದಿರ್ಲಿ, ನಿಮ್ಮ ಪಂಕ್ತ್ಯಾಗ ತುಪ್ಪಾ ಹೆಂಗ ಬಡಿಸಿದ್ರು?"

"ಚಮಚೆದಾಗ."

"ನಮಗ ತಂಬಗಿಲೆ."

ಸೆರಗ ಸರಿ ಮಾಡ್ಕೊಂಡ ಅಂದ್ಲು, "ಮುಂದಿನ ಮದವಿಗೆ ನನಗೂ ಒಂದ ಪಾನಾ ತರ್ರಿ."

ಅತ್ತಿಯವರ ನಡಗಿ

ನಮ್ಮತ್ತಿಯವರನ್ನ ಬೀಳಗಿಗೆ ಬಿಡಾಕ ಹೊಂಟಿದ್ವಿ. ಊರ ಇನ್ನೇನ ಬಂತು ಅನ್ನೂದರಾಗ ಎಡಗಾಲಿಯಿಂದ ಖಟ್ ಖಟ್ ಖಟ್.

"ನಟ್ಟ ಬಿಚ್ಚ್ಯಾವ!" ಅಂತ ನಮ್ಮಾಕಿ ಚೀರಿದ್ಲು. ಇಳದ ನೋಡಿದೆ, ಎಲ್ಲಾ ಬಿಗಿ. ಹೊಂಟ್ರ ಮತ್ತ ಖಟ್ ಖಟ್.

ಅತ್ತಿಯವರು ಬಾಗಲಾ ತಗದ್ರು. "ಅಳಿಯಂದ್ರ, ನೀವ ಸಾವಕಾಶ ಬರ್ರಿ. ನಾ ನಡದ ಬಿಡ್ತೇನಿ."

ನಾನು ಹತ್ತ ಮಾರ ಓಡಿಸೂದು, ಇಳದ ಬಿಗಿ ಮಾಡೂದು. ಹಿಂಗ ಅವರ ಮನಿ ಮುಟ್ಟಿದೆ. ಬಾಗಲ ಮುಂದ ಗಾಲಿ ಹತ್ರ ಕುಂತು, ನಟ್ಟುಗಳ ನಡುವ ಇರೂ ಬಟ್ಟಲದಂಥಾ ಮುಚ್ಚಳಾ ಕಿತ್ತ ನೋಡಿದೆ. ಅಂಚ ಒಡದಿತ್ತು. ಒಳಗಿಂದ ಒಂದ ಕಲ್ಲಿನ ಹರಳ ಬಿತ್ತು.

ನಮ್ಮಾಕಿ ಅದನ್ನ ಅಂಗೈಮ್ಯಾಲ ಇಟ್ಕೊಂಡ ನೋಡಿದ್ಲು. "ಇಷ್ಟ ಸಣ್ಣ ಹರಳು ಅಷ್ಟೆಲ್ಲಾ ಸಪ್ಪಳಾ ಮಾಡತೈತೇನ್ರಿ?"

"ಮುಚ್ಚಳದಾಗ ಏನ ಬಿದ್ರೂ ಹಂಗ."

"ಸಾಕಾತು ನನಗ. ಈ ಕಾರ ಮಾರಿಬಿಡ್ರಿ. ಮಾರತೇನಿ ಅಂತ ಇಲ್ಲೇ ಮಾತ ಕೊಡ್ರಿ."

ಹೂಂ ಅಂದೆ, ಇನ್ನೇನ ಮಾಡ್ಲಿ? ಅಷ್ಟೊತ್ತಿಗೆ ಒಳಗಿಂದ ಅತ್ತಿಯವರ ದನಿ ಕೇಳಿತು: "ಅಳಿಯಂದ್ರ ಚಾ ಮತ್ತ ಬಿಸಿ ಮಾಡ್ರೇ, ಆರೇತಿ. ಅವರು ಕಾರಿನ್ಯಾಗ ಬಂದಾರ, ಅದಕ್ಕ ತಡಾ ಆಗೇತಿ!"

ಗಿರಾಕಿ

ಮಾತ ಕೊಟ್ಟ ಮ್ಯಾಲ ಗಿರಾಕಿ ಹುಡುಕಿದೆ. ಗಲಗಲಿಯಿಂದ ಒಬ್ಬಾಂವ ಸಂಜಿಮುಂದ ಬಂದ. ಕಾರ ಸುತ್ತ ಹಾಕಿ, ಚಾ ಕುಡಕೋತ ಹೇಳಿದ, "ಗಾಡಿ ಛಲೋ ಐತ್ರಿ. ಮ್ಯಾಲಿನ ಟಾಪ್ ಕತ್ತರಿಸಿ, ಹಿಂದಿನ ಸೀಟ ಕಿತ್ತ ಗುಜರಿಗೆ ಹಾಕಿ, ದನದ ಮೇವ ಹೇರಾಕ ಮಾಡ್ಕೋತೇನಿ."

ನಾ ಚಾದ ಕಪ್ಪ ಕೆಳಗ ಇಟ್ಟೆ.

ಅಡಗಿಮನಿ ಬಾಗಲದಾಗ ನಿಂತಿದ್ದ ನಮ್ಮಾಕಿ ಕೇಳಿದ್ಲು, "ಸೀಟ ಗುಜರಿಗೇನ್ರಿ?"

"ಇಟ್ಕೊಂಡ ಏನ್ ಮಾಡ್ಲಿ ಅಕ್ಕಾರ?"

ನಮ್ಮ ಮಗಳು ಹುಟ್ಟಿದಾಗ ದವಾಖಾನಿಂದ ಬಂದದ್ದು ಅದೇ ಸೀಟಿನ ಮ್ಯಾಲ, ಇಕಿ ಉಡ್ಯಾಗ. ಮದವಿ ಆಗಿ ಅಳಕೋತ ಹೋದದ್ದೂ ಅದರ ಮ್ಯಾಲನ. ನಮ್ಮಾಕಿ ಒಳಗ ಹೋದ್ಲು. ಗಿರಾಕಿ "ಮುಂಜಾನಿ ಓಡಿಸಿ ನೋಡಿ ಒಯ್ತೇನಿ" ಅಂತ ಎದ್ದ.

ಮುಂಜಾನಿ ಲಗೂನ ಎದ್ದು ಕಡೀಸಲ ಅಂತ ಎಲ್ಲಾ ನಟ್ಟ ಬಿಗಿ ಮಾಡಿದೆ. ಖರೆ ಹೇಳ್ತೇನಿ, ಕಣ್ಣಾಗ ನೀರ ಬಂತು. ಜಳಕಾ ಮಾಡಿ ಬರೂದರಾಗ ಅಡಗಿಮನ್ಯಾಗ ನಮ್ಮಾಕಿ ಒದರ್ಯಾಕತ್ತಿದ್ಲು. "ಕುಕ್ಕರಿನ ಸೀಟಿ ಕಾಣವಲ್ದು. ಇವತ್ತ ಅನ್ನಾ ತಡಾ ಆಗತೈತಿ ನೋಡ್ರಿ!"

"ನನ್ನ ಕಾರ ಹೊಂಟೈತಿ, ನಿನಗ ಸೀಟಿ ಚಿಂತಿ," ಅಂತ ನಾನೂ ಸಿಟ್ಟಾದೆ.

ಗಿರಾಕಿ ಬಂದು ಸ್ಟೇರಿಂಗ್ ಹಿಡದ. ನಾ ಬಾಜೂಕ ಕುಂತೆ. ಯಾರೂ ಕರೀದಿದ್ರೂ ನಮ್ಮಾಕಿ ಹಿಂದ ಹತ್ತಿದ್ಲು. ಓಣಿ ದಾಟೂದರಾಗ ಖಟಾರ್ ಖಟಾರ್! ಗಿರಾಕಿ ಗಪ್ಪನ ಬ್ರೇಕ್ ಒತ್ತಿದ. ನನಗೂ ದಿಗಿಲ ಆತು, ನಾನೇ ಬಿಗಿ ಮಾಡಿದ ನಟ್ಟು!

ಹಿಂದಿಂದ ನಮ್ಮಾಕಿ ಸಮಾಧಾನದಿಂದ ಹೇಳಿದ್ಲು, "ಅಂಜಬ್ಯಾಡ್ರಿ ಅಣ್ಣಾರ. ಬೀಳಗಿ ಹಾದ್ಯಾಗೂ ಹಿಂಗ ಆಗಿತ್ತು. ಇವರು ಹತ್ತ ಮಾರಿಗೊಮ್ಮೆ ಇಳದ ನಟ್ಟ ಬಿಗಿ ಮಾಡ್ತಾರ. ನಮ್ಮವ್ವ ಮಾತ್ರ ಅಂಜಿ ನಡಕೊಂಡ ಹೋದ್ಲು."

ಒಂದ ಅಕ್ಷರ ಸುಳ್ಳಿಲ್ಲ!

ಗಿರಾಕಿ ಕೆಳಗ ಇಳದ. "ಸಾಹುಕಾರ್ರ, ನನಗ ಗಾಡಿ ಬೇಕಾಗಿದ್ದು ಮೇವ ಹೇರಾಕ. ನನ್ನ ಹೆಣಾ ಹೇರಾಕ ಅಲ್ಲ," ಅಂದು ಬಸ್ ಸ್ಟ್ಯಾಂಡಿನ ಹಾದಿ ಹಿಡದ.

ನಾ ಎಡಗಾಲಿ ಮುಂದ ಕುಂತು ಆ ಮುಚ್ಚಳಾ ಕಿತ್ತೆ. ಟಣ್ ಅಂತ ಕುಕ್ಕರಿನ ಸೀಟಿ ಕೆಳಗ ಬಿತ್ತು.

ಮಾರಿ ಎತ್ತಿ ನೋಡಿದೆ. ನಮ್ಮಾಕಿ ಸೀಟಿ ಎತ್ತಕೊಂಡು ಸೆರಗಿಲೆ ಒರಸಿದ್ಲು.

"ಸಿಕ್ತಲ್ಲ, ಇನ್ನ ಅನ್ನಕ್ಕ ಇಡ್ತೇನಿ," ಅಂತ ಮನಿ ಕಡೆ ಹೊಂಟಾಕಿ, ನಾಕ ಹೆಜ್ಜಿ ಹೋಗಿ ತಿರಗಿ ನಿಂತ್ಲು. "ಆ ಮುಚ್ಚಳಾ ಭಾಳ ಸಡ್ಲ ಐತ್ರಿ. ಸ್ವಲ್ಪ ಬಿಗಿ ಮಾಡ್ರಿ."