ಆಟೋಮ್ಯಾಟಿಕ್ ಕ್ಯಾಮೆರಾದ ಜೊತೆ ಕಾಕಾನ ಜಗಳ

ಜಗಳ ಆಡುವುದಕ್ಕೆಂದೇ ಆಟೋಮ್ಯಾಟಿಕ್ ಕ್ಯಾಮೆರಾ ಇಟ್ಟುಕೊಂಡಿರುವ ಮನುಷ್ಯ ಇಡೀ ಪುಣೆಯಲ್ಲಿ ನಮ್ಮ ಕಾಕಾ ಒಬ್ಬರೇ ಇರಬೇಕು. ಅದು ರೀಲು ಹಾಕುವ ಹಳೆಯ ಕ್ಯಾಮೆರಾ. ಎಷ್ಟು ಬೆಳಕು ಬೇಕೆಂದು ಅದೇ ಅಳೆದು ಅದೇ ತೀರ್ಮಾನಿಸುತ್ತದೆ. ಗುಂಡಿ ಒತ್ತಿದರೆ ಮುಗಿಯಿತು. ಆದರೆ ಕಾಕಾ ಒತ್ತಬೇಕಲ್ಲ! ಖಡಕಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿದವರು ಅವರು. ಮನೆಯಲ್ಲಿ ಆ ಕೆಲಸಕ್ಕೆ ಕ್ಯಾಮೆರಾ ಸಿಕ್ಕಿದೆ. ಅದು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಮೇಲಿರುವ ಸಣ್ಣ ಚಕ್ರ ತಿರುಗಿಸಿ ತಿದ್ದುತ್ತಾರೆ. ಪ್ಲಸ್ ಅಂದರೆ ಹೆಚ್ಚು ಬೆಳಕು, ಮೈನಸ್ ಅಂದರೆ ಕಡಿಮೆ. ಇಷ್ಟನ್ನು ನಾನು ಓದಿ ಕಲಿತದ್ದಲ್ಲ, ಬಿಸಿಲಲ್ಲಿ ನಿಂತು ಕಲಿತದ್ದು.

ಹೋದ ವರ್ಷ ರಾಂಜಣಗಾಂವದ ಗಣಪತಿಗೆ ಹೋಗಿದ್ದೆವು. ದೇವರ ದರ್ಶನ ಇಪ್ಪತ್ತು ನಿಮಿಷದಲ್ಲಿ ಆಯಿತು. ಹೊರಗೆ ಕಾಕಾನ ಗ್ರೂಪ್ ಫೋಟೋ ಆಗಲಿಲ್ಲ. ಹನ್ನೊಂದು ಜನ ಸಾಲಾಗಿ ನಿಂತೆವು. ಕಾಕಾ ಪ್ಲಸ್ ಒಂದು ಮಾಡಿದರು. ಮೋಡ ಬಂತು, ಅರ್ಧಕ್ಕೆ ಇಳಿಸಿದರು. ಮೋಡ ಹೋಯಿತು. ನಮ್ಮ ನಗು ಒಣಗಿ ಹಲ್ಲಿಗೆ ಅಂಟಿಕೊಂಡಿತು. ಯಾರೋ ಪುಣ್ಯಾತ್ಮರು ಕನಿಕರಪಟ್ಟು ನನ್ನ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಟ್ಟರು. ಅವು ಬೆಳಗಾವಿಯ ಅತ್ತೆಗೆ ತಲುಪಿ, ಚಂದ ಬಂದಿವೆ ಎಂಬ ಉತ್ತರವೂ ಬಂತು. ಕಾಕಾ ಇನ್ನೂ ಆಕಾಶ ನೋಡುತ್ತಿದ್ದರು. ಕಡೆಗೊಮ್ಮೆ ಎಲ್ಲ ಹೊಂದಿಸಿ ಒತ್ತಲು ಹೋದರೆ ರೀಲೇ ಮುಗಿದಿತ್ತು.

ಹೋದ ತಿಂಗಳು ಕಾಕಾ ಕಣ್ಣಿನ ಪೊರೆ ತೆಗೆಸಿಕೊಂಡರು. ನೋಡಲು ಪುಣೆಯ ಪಕ್ಕದ ತಳೇಗಾಂವದ ಅವರ ಮನೆಗೆ ಹೋದೆ. ಅವತ್ತು ಕಾಕಾ ಮತ್ತು ಅವರ ಹೆಂಡತಿ, ನಮ್ಮ ಕಾಕು, ಮದುವೆಯಾದ ದಿನವಂತೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಕಾಕಾ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಬಾಲ್ಕನಿಯಲ್ಲಿ ಕಾಕೂನ ಒಂದು ಫೋಟೋ ತೆಗೆ ಎಂದರು. ವಾರವಿಡೀ ದುಡಿದು, ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ ನನಗೆ ಚಕ್ರದ ತಂಟೆ ಬೇಡವಾಗಿತ್ತು. ಅದನ್ನು ಸೊನ್ನೆಗೆ ತಂದು ಉಳಿದದ್ದನ್ನು ಕ್ಯಾಮೆರಾಗೇ ಬಿಟ್ಟೆ.

“ಪ್ಲಸ್ ಒಂದೂವರಿ ಮಾಡು,” ಎಂದರು ಕಾಕಾ.

“ಆಟೋಮ್ಯಾಟಿಕ್ ಅದ ಕಾಕಾ. ತಾನ ನೋಡ್ಕೋತದ, ಬಿಡ್ರಿ.”

“ಅದು ಹಿಂದಿನ ಬಿಸಲು ನೋಡ್ತದ. ನಿಮ್ಮ ಕಾಕೂನ್ನ ನೋಡಂಗಿಲ್ಲ.”

ಆಗ ಕಾಕು, ಯಾರದೋ ಸುದ್ದಿ ಹೇಳುವವರ ಹಾಗೆ, ತಮ್ಮ ಕಥೆ ಹೇಳಿದರು. ಕಾಕು ಬಣ್ಣದಲ್ಲಿ ಕಪ್ಪು. ಮದುವೆಯಾದ ಹೊಸದರಲ್ಲಿ ಯಾರು ಫೋಟೋ ತೆಗೆದರೂ ಹಿಂದಿನ ಬೆಳಕಿಗೆ ಅವರ ಮುಖ ಮಸಿಯಾಗಿ ಬರುತ್ತಿತ್ತಂತೆ. ಒಮ್ಮೆ ನೆಂಟರ ನಡುವೆ ಆಲ್ಬಮ್ ಹರಿದಾಡುವಾಗ, ಈ ಸೀರೆಯೊಳಗೆ ಯಾರಿದ್ದಾರೆ ಎಂದು ಯಾರೋ ಕೇಳಿ ಎಲ್ಲರೂ ನಕ್ಕರು. ಅಂದಿನಿಂದ ಕ್ಯಾಮೆರಾ ಹೊರಬಂದರೆ ಕಾಕು ಅಡಿಗೆಮನೆಗೆ. ಮಗಳ ನಾಮಕರಣದ ಫೋಟೋದಲ್ಲೂ ಅವರಿಲ್ಲ. ಆಮೇಲೆ ಕಾಕಾ ಈ ಕ್ಯಾಮೆರಾ ತಂದರು. ಕಾಕೂನನ್ನು ಒಪ್ಪಿಸಿ ಕೂರಿಸಿ, ಮೂರು ರೀಲುಗಳನ್ನು ಅವರೊಬ್ಬರ ಮೇಲೇ ಮುಗಿಸಿ, ಬಾಲ್ಕನಿಗೆ ಈ ಒಂದೂವರೆಯನ್ನು ಕಂಡುಹಿಡಿದರಂತೆ.

“ಮೂರನೇ ರೀಲಿನ್ಯಾಗ ನನ್ನ ಕಣ್ಣು ಕಂಡ್ವು,” ಎಂದರು ಕಾಕು.

ನಾನು ಚಕ್ರ ತಿರುಗಿಸಿದೆ. ಅಷ್ಟರಲ್ಲಿ ಕಾಕು ಕ್ಯಾಮೆರಾ ಬಿಟ್ಟು ಕಾಕಾನ ಪಟ್ಟಿ ಕಟ್ಟಿದ ಕಣ್ಣಿನ ಕಡೆ ನೋಡುತ್ತಿದ್ದರು. ಇತ್ತ ನೋಡಿ ಎಂದು ನಾನು ಹೇಳಲಿಲ್ಲ. ಒತ್ತಿದೆ.