ಧೂಳಿಗೊಂದು ಕಪ್

ಈ ಸಲ ನಮ್ಮೂರು ವಾಲಂಬಿಯ ಗಾಡಿ ಮೇಳದಲ್ಲಿ ಕಪ್ ಗೆಲ್ಲುವವಳು ನಾನೇ ಎಂದು ಊರಿನವರ ಮುಂದೆ ಸಾರಿಬಿಟ್ಟೆ. ಸಾರಿದ ಜಾಗ ಬೇಕರಿ. ನಮ್ಮೂರಿನಲ್ಲಿ ಬೇಕರಿಯ ಸರದಿಯಲ್ಲಿ ನಿಂತು ಆಡಿದ ಮಾತು ಪಾರ್ಲಿಮೆಂಟಿನಲ್ಲಿ ಆಡಿದ್ದಕ್ಕಿಂತ ಗಟ್ಟಿ. ಅಲ್ಲಾದರೆ ಮಾತನ್ನು ವಾಪಸ್ ತೆಗೆದುಕೊಳ್ಳಬಹುದು. ಇಲ್ಲಿ ಆಗದು, ಕೇಳಿದವರು ಬ್ರೆಡ್ಡಿನ ಜೊತೆಗೆ ಅದನ್ನೂ ಕಟ್ಟಿಸಿಕೊಂಡು ಮನೆಗೆ ಹೋಗಿರುತ್ತಾರೆ!

ಇಷ್ಟು ಪೌರುಷ ಬರಲು ಕಾರಣ ಡಡ್ಲಿ. ಡಡ್ಲಿ ನನ್ನ ಗಂಡ ಕ್ಲೆಮ್‌ನ ಗೆಳೆಯ, ಹಳೇ ಗಾಡಿಗಳ ಸಂಘದ ಅಧ್ಯಕ್ಷ. ಹಳೇ ಗಾಡಿಯನ್ನು ಹಳೆಯದಾಗಿ ಇರಲು ಬಿಡದ ಮನುಷ್ಯ. ಯಾವ ಗಾಡಿ ಕೈಗೆ ಸಿಕ್ಕರೂ ಅದರ ತಲೆ ಕತ್ತರಿಸಿ ಕುಳ್ಳಗೆ ಮಾಡುತ್ತಾನೆ, ಹೊಟ್ಟೆಗೆ ದೊಡ್ಡ ಎಂಜಿನ್ ತುರುಕುತ್ತಾನೆ, ಅದು ಒಳಗೆ ಹಿಡಿಸದೆ ಬಾನೆಟ್ ತೂತು ಮಾಡಿಕೊಂಡು ಹೊರಗೆ ಇಣುಕುತ್ತದೆ. ಕೊನೆಗೆ ಎಲ್ಲದಕ್ಕೂ ಮಿಣಮಿಣ ನೇರಳೆ ಬಣ್ಣ. ಅವನ ನೇರಳೆ ಫಾಲ್ಕನ್ ಕಾರು, ಮಾರ್ಪಡಿಸಿದ ಗಾಡಿಗಳ ವಿಭಾಗದಲ್ಲಿ ಎಷ್ಟು ಸಲ ಗೆದ್ದಿದೆಯೆಂದರೆ, ಅವನ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ ಕೂಡ ಬೆಳ್ಳಿ ಕಪ್ಪಿನಲ್ಲೇ ನಿಂತಿರುತ್ತದೆ.

ಕ್ಲೆಮ್ ತೀರಿಕೊಂಡು ಮೂರು ಚಳಿಗಾಲ ಕಳೆದವು. ಅವನು ಬಿಟ್ಟುಹೋದದ್ದು ನನ್ನನ್ನು, ಮನೆಯನ್ನು, ಮತ್ತೆ ತಗಡಿನ ಶೆಡ್ಡಿನಲ್ಲಿ ಮಲಗಿರುವ ಐವತ್ತಾರನೇ ಇಸವಿಯ ಹೋಲ್ಡನ್ ಕಾರನ್ನು. ಯಾವುದೋ ಕುರಿ ಫಾರ್ಮಿನ ಮೂಲೆಯಿಂದ ಎಳೆದು ತಂದಿದ್ದ. "ಬರೋ ವರ್ಷ ಇದನ್ನ ರಿಪೇರಿ ಮಾಡ್ತೀನಿ" ಎನ್ನುತ್ತಿದ್ದ. ಹಾಗೆಂದು ಸಂಜೆಯಾದರೆ ಅದರೊಳಗೆ ಕುಳಿತು, ಟ್ರಾನ್ಸಿಸ್ಟರ್ ಹಚ್ಚಿಕೊಂಡು ಕ್ರಿಕೆಟ್ ಕೇಳುತ್ತಿದ್ದ. ನಾನು ಊಟಕ್ಕೆ ಕರೆದರೆ "ಕೆಲಸದಲ್ಲಿದೀನಿ ಕಣೇ" ಎನ್ನುವ ಉತ್ತರ ಬರುತ್ತಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಗಾಡಿಗೆ ಆದ ಬದಲಾವಣೆ ಒಂದೇ, ಡ್ರೈವರ್ ಸೀಟಿನಲ್ಲಿ ಅವನ ಆಕಾರದ ಒಂದು ತಗ್ಗು.

ಆ ತಗ್ಗಿನ ಮೇಲೆ ಡಡ್ಲಿಗೆ ಕಣ್ಣು. ಬಂದಾಗಲೆಲ್ಲ ಚಹಾ ಕುಡಿಯುತ್ತ, ಆ ಗಾಡಿ ನನಗೆ ಕೊಡು, ಕ್ಲೆಮ್ ನೆನಪಿಗೆ ಅದನ್ನು ಮಾಡಿ ನಿಲ್ಲಿಸುತ್ತೇನೆ ಎಂದು ಶುರು ಮಾಡುವನು. ನೇರಳೆ ಬಣ್ಣ, ಹಿಂದುಗಡೆ ಬೆಂಕಿಯ ಜ್ವಾಲೆಯ ಚಿತ್ರ, ಜ್ವಾಲೆಯ ನಡುವೆ ಕ್ಲೆಮ್ ಹೆಸರು! ಬದುಕಿದ್ದಾಗ ಕ್ಲೆಮ್ ನೇರಳೆ ಬಣ್ಣದ ಸಾಕ್ಸ್ ಕೂಡ ಹಾಕಿದವನಲ್ಲ. ಸತ್ತ ಮೇಲೆ ಅವನನ್ನು ಬೆಂಕಿಯ ನಡುವೆ ಬರೆಸುವುದೇ?

ಅವತ್ತು ಬೇಕರಿಯಲ್ಲೂ ಅದನ್ನೇ ತೆಗೆದ. ಶೆಡ್ಡಿನಲ್ಲಿ ಇಟ್ಟು ಕೊಳೆಸುತ್ತಿದ್ದೀಯ ಎಂದ. ನನಗೆ ರೇಗಿತು.

"ನೋಡು ಡಡ್ಲಿ, ಈ ಸಲ ಮೇಳಕ್ಕೆ ಆ ಗಾಡಿ ತರ್ತೀನಿ. ಕಪ್ ಗೆದ್ರೆ ನೀನು ಜನ್ಮದಲ್ಲಿ ಅದರ ಸುದ್ದಿ ಎತ್ತಬಾರ್ದು. ಗೆಲ್ಲದೇ ಇದ್ರೆ ಅವತ್ತೇ ಎಳ್ಕೊಂಡು ಹೋಗು. ನೇರಳೆನಾದ್ರೂ ಬಳಿ, ಬದನೆಕಾಯಿನಾದ್ರೂ ಮಾಡು."

ಡಡ್ಲಿ ಟೋಪಿ ತೆಗೆದು, ಕೈ ಕುಲುಕಿ, ನನ್ನ ಬನ್ನಿಗೂ ಅವನೇ ದುಡ್ಡು ಕೊಟ್ಟ. ಅಷ್ಟು ಖುಷಿ.

ನನ್ನ ಗಾಡಿಯನ್ನು ಯಾವ ವಿಭಾಗಕ್ಕೆ ಹಾಕುವುದೆಂದು ಸಂಘದವರೇ ಹೇಳಿದರು. "ಸಿಕ್ಕ ಹಾಗೇ" ಎನ್ನುವ ವಿಭಾಗವಂತೆ. ಶೆಡ್ಡಿನಲ್ಲಿ, ಕೊಟ್ಟಿಗೆಯಲ್ಲಿ ಸಿಕ್ಕ ಹಳೇ ಗಾಡಿಗಳಿಗೆ. ಎಂಜಿನ್ ಓಡಬೇಕೆಂದೂ ಇಲ್ಲ, ಎಳೆದುಕೊಂಡು ಬಂದರೂ ಆಯಿತು. ಇಷ್ಟು ಸುಲಭವೇ ಎಂದುಕೊಂಡೆ.

ಮೇಳದ ಹಿಂದಿನ ದಿನ ನಾನೂ ನನ್ನ ತಂಗಿ ಥೆಲ್ಮಾಳೂ ಸೊಂಟ ಕಟ್ಟಿ ನಿಂತೆವು. ಥೆಲ್ಮಾ ನನ್ನ ಜೊತೆಗೇ ಇರುವವಳು, ಬಾಯಿ ಕತ್ತರಿಗಿಂತ ಚೂಪು. ಹೊರಗೆ ಹೊರಡುವ ಮುಂಚೆ ಕಿವಿಯ ಹಿಂದೆ ಕೂಡ ತಿಕ್ಕಿಸಿಕೊಂಡು ಬೆಳೆದವರು ನಾವು. ಒಗೆಯದ ಪರದೆ ನೇತುಹಾಕಿದರೆ ಬೀದಿಯವರು ಏನೆನ್ನುತ್ತಾರೋ ಎಂದು ಹೆದರುವವರು. ಅಂಥವರು ಇಡೀ ಜಿಲ್ಲೆಯ ಜನರೆದುರು ಗಾಡಿಯನ್ನು ಹಾಗೇ ಒಯ್ಯುತ್ತೇವೆಯೇ? ಬಿಸಿನೀರು, ಸೋಪು, ಬ್ರಷ್ಷು, ಹಳೇ ಫ್ಲಾನೆಲ್ ಬಟ್ಟೆ. ಧೂಳು ಕೆಸರಾಗಿ ಹರಿದು ಟೊಮೇಟೊ ಪಾತಿಗೆ ಸೇರಿತು. ಜೇಡದ ಬಲೆಗಳು ಪೊರಕೆಗೆ ಸುತ್ತಿಕೊಂಡವು. ಕಣಜದ ಹುಳುಗಳ ಮಣ್ಣಿನ ಗೂಡುಗಳನ್ನು ಥೆಲ್ಮಾ ಚಮಚದಿಂದ ಕೆರೆದು ತೆಗೆದಳು. ಕ್ಲೆಮ್‌ನ ಸೀಟನ್ನು ಮಾತ್ರ ನಾನು ಮುಟ್ಟಗೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಳಗಿಂದ ತಿಳಿಹಸಿರು ಬಣ್ಣದ ಗಾಡಿಯೊಂದು ಹೆರಿಗೆಯಾಗಿ ಬಂದಂತೆ ಹೊರಬಂತು. ಅದು ಹಸಿರೆಂದು ನನಗೆ ಅವತ್ತೇ ಗೊತ್ತಾದದ್ದು. ಮದುವೆಯಾಗಿ ಇಷ್ಟು ವರ್ಷ ಅದನ್ನು ಬೂದು ಬಣ್ಣದ ಗಾಡಿ ಎಂದೇ ಕರೆಯುತ್ತಿದ್ದೆ.

ಎದುರಾಳಿಯ ಬಲ ನೋಡಿಹೋಗಲು ಡಡ್ಲಿ ಬಂದ. ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟ.

"ಎಲ್ವಾ, ಧೂಳೆಲ್ಲಿ?"

"ತೊಳೆದೆ."

"ಅಷ್ಟೂನಾ?"

"ಇಲ್ಲ, ಸ್ವಲ್ಪ ನಿನಗೆ ಅಂತ ಡಬ್ಬಿಲಿ ಎತ್ತಿಟ್ಟಿದೀನಿ" ಎಂದಳು ಥೆಲ್ಮಾ.

ಡಡ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತ. ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದವನು ಕಣ್ಣೀರು ಒರೆಸಿಕೊಳ್ಳುತ್ತ ವಿವರ ಹೇಳಿದ. "ಸಿಕ್ಕ ಹಾಗೇ" ಎಂದರೆ ಸಿಕ್ಕ ಹಾಗೇ ತರಬೇಕು. ಅಲ್ಲಿ ಅಂಕ ಸಿಗುವುದೇ ಧೂಳಿಗೆ. ಜೇಡರ ಬಲೆ ಇದ್ದರೆ ಜಡ್ಜುಗಳು ಜೊಲ್ಲು ಸುರಿಸುತ್ತಾರೆ. ಕಣಜದ ಗೂಡೆಂದರೆ ಚಿನ್ನ. ಊರೂರಿನ ಜನ ಧೂಳು ಹಾರಬಾರದೆಂದು ಗಾಡಿಗೆ ಪರದೆ ಕಟ್ಟಿ, ಮಗುವನ್ನು ತಂದಂತೆ ತರುತ್ತಾರೆ. ನಾವು ಕಪ್ಪನ್ನು ಟೊಮೇಟೊ ಪಾತಿಗೆ ಹರಿಸಿದ್ದೆವು!

"ನಾಳೆ ಸಂಜೆ ಟ್ರೇಲರ್ ತರ್ತೀನಿ" ಎಂದು ಹೇಳಿ ಡಡ್ಲಿ ಹೊರಟ. ಹೋಗುವಾಗ ಗಾಡಿಯ ಬೆನ್ನು ಸವರಿ, ಜ್ವಾಲೆ ಎಲ್ಲಿಂದ ಎಲ್ಲಿಯವರೆಗೆ ಬರಬೇಕೆಂದು ಗೇಣು ಹಾಕಿ ಅಳೆದ. ಗಾಡಿ ಕೈತಪ್ಪಿತೆಂದುಕೊಂಡು ನಾನು ಶೆಡ್ಡಿನ ಬಾಗಿಲು ಎಳೆಯಹೋದೆ.

ಥೆಲ್ಮಾ ಮಾತ್ರ ಅಲ್ಲಾಡಲಿಲ್ಲ. "ಧೂಳು ತೆಗೆಯೋಕೆ ಬಂದೋರಿಗೆ ಧೂಳು ಹಾಕೋಕೆ ಬರಲ್ವೇನೆ?" ಎಂದಳು.

ಜಗತ್ತಿನಲ್ಲಿ ಧೂಳಿಗೆ ಬರವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ರಸ್ತೆಯ ಧೂಳು ತಂದು ಎರಚಿದರೆ ಅದು ಇಟ್ಟಿಗೆ ಕೆಂಪು, ಶೆಡ್ಡಿನದು ಇಲಿಯ ಬಣ್ಣದ ಬೂದು. ವ್ಯಾಕ್ಯೂಮ್ ಕ್ಲೀನರ್‌ನ ಚೀಲ ಬಿಚ್ಚಿ ಸುರಿದೆವು, ಅದು ಬಾನೆಟ್ಟಿಗೂ ಸಾಲಲಿಲ್ಲ. ಚೊಕ್ಕಟವಾಗಿರುವುದರ ಶಿಕ್ಷೆ ನೋಡಿ! ಒಲೆಯ ಬೂದಿ ತಂದೆವು, ತೀರಾ ಬಿಳುಪಾಯಿತು. ಅದಕ್ಕೆ ಹಾಲಿಗೆ ಹಾಕಿ ಕುಡಿಯುವ ಮಾಲ್ಟ್ ಪುಡಿ ಬೆರೆಸಿದಾಗ, ಆಹಾ, ಥೇಟ್ ನಮ್ಮ ಶೆಡ್ಡಿನ ಬಣ್ಣ! ನಾನು ಹಿಟ್ಟು ಜರಡಿ ಹಿಡಿಯುವ ಜರಡಿಯಲ್ಲಿ ಆ ಮಿಶ್ರಣವನ್ನು ಇಬ್ಬನಿಯಂತೆ ಉದುರಿಸುವುದು, ಅದು ಹಾರದಂತೆ ಹಿಂದಿನಿಂದ ಥೆಲ್ಮಾ ತನ್ನ ಕೂದಲಿನ ಸ್ಪ್ರೇ ಹೊಡೆಯುವುದು. ದಿಂಬಿನ ಹತ್ತಿಯನ್ನು ಎಳೆದೆಳೆದು ಬಲೆ ಕಟ್ಟಿದೆವು. ಕಣಜದ ಗೂಡಿಗೆ ಬಿಸ್ಕೆಟ್ಟಿನ ಹಿಟ್ಟು ನಾದಿ, ಬೆರಳಿನಿಂದ ತೂತು ಮಾಡಿ ಅಂಟಿಸಿದೆವು. ದೂರ ನಿಂತು ನೋಡಿದರೆ ಗಾಡಿಗೆ ಯಾರೂ ಕೈ ಹಚ್ಚಿಲ್ಲವೆಂದು ಆಣೆ ಮಾಡಬಹುದಿತ್ತು.

ಬೆಳಗ್ಗೆ ಪಕ್ಕದ ಫಾರ್ಮಿನವರು ಟ್ರ್ಯಾಕ್ಟರ್ ಕಟ್ಟಿ ಎಳೆದುಕೊಟ್ಟರು. ಮೈದಾನದಲ್ಲಿ ದೊಡ್ಡ ನೀಲಗಿರಿ ಮರವೊಂದರ ಕೆಳಗೆ ನಿಲ್ಲಿಸಿದೆವು. ಜನ ಬಂದರು, ನೋಡಿದರು, ಪಿಸುಗುಟ್ಟಿದರು. ಒಬ್ಬರು ಟೋಪಿಯನ್ನೇ ತೆಗೆದರು. ನಾನು ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು, ಈರುಳ್ಳಿ ತಿನ್ನುತ್ತ, ಹೊಗಳಿಕೆಯನ್ನು ರಾಣಿಯ ಹಾಗೆ ತಲೆಯಾಡಿಸಿ ಸ್ವೀಕರಿಸುತ್ತಿದ್ದೆ. ಮರದ ಇನ್ನೊಂದು ಮಗ್ಗುಲಲ್ಲಿ ಡಡ್ಲಿ ತನ್ನ ನೇರಳೆ ಫಾಲ್ಕನ್ ಒರೆಸುತ್ತಿದ್ದ. ಅವನ ಮುಖದಲ್ಲಿ ನಗು ಕಡಿಮೆಯಾಗುತ್ತ ಬಂದದ್ದು ನೋಡಿ ನನಗೆ ಸಾಸೇಜು ಇನ್ನಷ್ಟು ರುಚಿಸಿತು.

ಆಮೇಲೆ ಯಾರದೋ ಕುರಿ ಕಾಯುವ ನಾಯಿ ಬಂತು. ಮುಂದಿನ ಚಕ್ರ ಮೂಸಿತು. ಒಮ್ಮೆ ನೆಕ್ಕಿತು. ಕಣ್ಣರಳಿಸಿತು. ಅಲ್ಲಿಂದ ಬಾಗಿಲವರೆಗೆ ಬ್ರಷ್ ಎಳೆದ ಹಾಗೆ ನೆಕ್ಕಿಕೊಂಡೇ ಹೋಯಿತು. ನಾಯಿ ಹೋದ ದಾರಿಯುದ್ದಕ್ಕೂ ತಿಳಿಹಸಿರು ಫಳಫಳ! ಕೊನೆಗೆ ಕಣಜದ ಗೂಡೊಂದನ್ನು ಕಚ್ಚಿ ಕಿತ್ತು ಕುರುಕುರು ತಿಂದು ಹೊರಟಿತು.

ಸರಿಯಾಗಿ ಆಗಲೇ ಜಡ್ಜ್ ಬರಬೇಕೆ? ರೋವೀನಾ ಎಂದು ಹೆಸರು, ಬಾಥರ್ಸ್ಟ್ ಕಡೆಯವರು, ಮುಖದಲ್ಲಿ ನಗುವಿನ ಗುರುತೇ ಇರದ ಹೆಂಗಸು. ನಾಯಿಯ ದಾರಿ ನೋಡಿದರು. ಬೆರಳಲ್ಲಿ ಧೂಳು ಮುಟ್ಟಿ ಮೂಸಿದರು. ನಾಲಿಗೆಗೂ ಹಚ್ಚಿದರು.

"ಮಾಲ್ಟಾ?"

"ಸ್ವಲ್ಪ ಬೂದಿನೂ ಇದೆ" ಎಂದೆ.

"ಅಂಟಿಸಿದ್ದು ಯಾವುದ್ರಿಂದ?"

"ನನ್ನ ತಲೆ ಸ್ಪ್ರೇ" ಎಂದಳು ಥೆಲ್ಮಾ. "ಗಾಳಿಗೂ ಅಲ್ಲಾಡಲ್ಲ, ಬೇಕಾದ್ರೆ ನನ್ನ ತಲೆ ನೋಡಿ."

ಡಡ್ಲಿ ಆಗಲೇ ಟ್ರೇಲರಿನ ಹಗ್ಗ ಬಿಚ್ಚುತ್ತಿದ್ದ. ನನಗೆ ಕ್ಲೆಮ್‌ನ ಸೀಟಿನ ಕಡೆ ನೋಡಲು ಧೈರ್ಯ ಬರಲಿಲ್ಲ. ರೋವೀನಾ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, ಇದು "ಸಿಕ್ಕ ಹಾಗೇ" ಅಲ್ಲ, ಆ ವಿಭಾಗದಿಂದ ತೆಗೆದಿದ್ದೇನೆ ಎಂದರು. ನಾನು ತಲೆ ತಗ್ಗಿಸಿದೆ. ಆದರೆ ಮಾತು ಮುಗಿದಿರಲಿಲ್ಲ. ಹೊಸ ಗಾಡಿಗೂ ಹಳೇ ಧೂಳು, ತುಕ್ಕು ಬರೆಸಿಕೊಳ್ಳುವುದು ಈಗ ಪೇಟೆಗಳಲ್ಲಿ ದೊಡ್ಡ ಶೋಕಿಯಂತೆ. ಅದಕ್ಕೆ ಕಲಾವಿದರೇ ಇದ್ದಾರಂತೆ. ಇಷ್ಟು ಚೆನ್ನಾಗಿ ಕೈಯಲ್ಲಿ ಮಾಡಿದ್ದನ್ನು ತಾನು ಎಲ್ಲೂ ನೋಡಿಲ್ಲ, ಆದ್ದರಿಂದ ಇದನ್ನು ಮಾರ್ಪಡಿಸಿದ ಗಾಡಿಗಳ ವಿಭಾಗಕ್ಕೆ ಸೇರಿಸುತ್ತೇನೆ ಎಂದರು. ಡಡ್ಲಿಯ ಕೈಯಿಂದ ಹಗ್ಗ ಜಾರಿತು. ಆ ವಿಭಾಗ ಅವನ ಸ್ವಂತ ಆಸ್ತಿ.

ಅಂಕಗಳ ಲೆಕ್ಕ ಹಾಕಿದರೆ ನನ್ನದೂ ಡಡ್ಲಿಯದೂ ಸಮ! ರೋವೀನಾ ಮತ್ತೆ ನನ್ನ ಗಾಡಿಯ ಬಳಿ ಬಂದು ಬಾನೆಟ್ಟಿನ ಮೇಲೆ ಬಗ್ಗಿದರು. ಧೂಳಿನ ನಡುವೆ ಬಿಳಿಯದೊಂದು ಗೆರೆ, ಅಂಚಿನಲ್ಲಿ ತುಸು ಹಸಿರು, ಒಣಗಿ ಬಿರುಕು ಬಿಟ್ಟದ್ದು.

"ಈ ಹಕ್ಕಿ ಹಿಕ್ಕೆ ನೋಡಿ" ಎಂದರು ಸುತ್ತ ನೆರೆದವರಿಗೆ. "ಉಳಿದಿದ್ದೆಲ್ಲ ಕೈಕೆಲಸ. ಇದು ಕಲೆ. ಇದಕ್ಕೊಂದು ಅಂಕ ಜಾಸ್ತಿ. ಹೇಗ್ ಮಾಡಿದ್ರಿ?"

ನಾನು ಥೆಲ್ಮಾಳನ್ನು ನೋಡಿದೆ, ಥೆಲ್ಮಾ ನನ್ನನ್ನು. ಇಬ್ಬರೂ ಅದನ್ನು ಮಾಡಿರಲಿಲ್ಲ. ಆದರೆ ಅಷ್ಟು ಜನ ಕಿವಿ ಕೊಟ್ಟು ನಿಂತಿರುವಾಗ ಬಾಯಿ ಸುಮ್ಮನಿರುತ್ತದೆಯೇ? "ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅದಕ್ಕೇನೇ" ಎಂದು ಶುರುಮಾಡಿ, ಮೊಟ್ಟೆಯ ಬಿಳಿ, ಸುಣ್ಣ, ತೆಳುವಾದ ಬ್ರಷ್ಷು ಎಂದು ಕಸುಬಿನ ಗುಟ್ಟುಗಳನ್ನು ಒಂದೊಂದಾಗಿ ಬಿಚ್ಚಿದೆ.

ಮಾತು ಮುಗಿಯುವ ಮುಂಚೆ ಮರದ ಮೇಲಿಂದ ಜುಟ್ಟಿರುವ ಬಿಳಿ ಕಾಕಟೂ ಗಿಳಿಯೊಂದು ಕರ್ಕಶವಾಗಿ ಕಿರುಚಿ, ಡಡ್ಲಿಯ ನೇರಳೆ ಬಾನೆಟ್ಟಿನ ನಟ್ಟನಡುವೆ ಪಚಕ್ಕನೆ ತನ್ನ ಕಲೆಯನ್ನು ಮೂಡಿಸಿತು. ಅದೇ ಬಿಳಿ, ಅಂಚಿನಲ್ಲಿ ಅದೇ ಹಸಿರು.

ಎಲ್ಲರೂ ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಡಡ್ಲಿ ಒರೆಸುವ ಬಟ್ಟೆಯನ್ನು ಮೆಲ್ಲನೆ ಜೇಬಿಗೆ ಹಾಕಿಕೊಂಡ.

"ಹಾಗಾದ್ರೆ ನನಗೂ ಒಂದಂಕ ಕೊಡಿ ಮೇಡಂ."

ರೋವೀನಾ ಫಾಲ್ಕನ್ನಿನ ಹತ್ತಿರ ಹೋಗಿ ಬಗ್ಗಿ ಪರೀಕ್ಷಿಸಿದರು.

"ಆಗಲ್ಲ ಡಡ್ಲಿ. ಹಸಿ ಬಣ್ಣಕ್ಕೆ ಅಂಕ ಇಲ್ಲ."

ಕಪ್ ಗೆದ್ದ ಗಾಡಿ ನಮ್ಮ ಶೆಡ್ಡಿಗೆ ವಾಪಸ್ ಬಂತು, ಸೀಟಿನ ತಗ್ಗು ಸಮೇತ. ಡಡ್ಲಿ ಮಾತಿಗೆ ತಪ್ಪಲಿಲ್ಲ, ಚಹಾ ಕುಡಿಯುವಾಗ ಹೋಲ್ಡನ್ ಸುದ್ದಿ ಎತ್ತುವುದಿಲ್ಲ, ಬರೀ ಮೊಟ್ಟೆ ಸುಣ್ಣದ ಸುದ್ದಿ ಎತ್ತುತ್ತಾನೆ. ಕಪ್ಪನ್ನು ನಾನು ಕ್ಲೆಮ್ ಫೋಟೋದ ಪಕ್ಕ ಇಡೋಣವೆಂದು ಹುಡುಕಿದರೆ ಅದು ಮನೆಯಲ್ಲೇ ಇರಲಿಲ್ಲ. ಥೆಲ್ಮಾ ಅದರ ತುಂಬ ಹಕ್ಕಿ ತಿನ್ನುವ ಸೂರ್ಯಕಾಂತಿ ಬೀಜ ಹಾಕಿ ಅಂಗಳದ ಗೋಡೆಯ ಮೇಲಿಟ್ಟಿದ್ದಳು. ಒಳಗೆ ತೆಗೆದುಕೊಂಡು ಬಾ ಎಂದೆ.

"ಸುಮ್ನಿರು" ಎಂದಳು. "ಗೆದ್ದೋರು ಬಂದು ತಗೊಳ್ಲಿ."